ಕಡತ ಬದಿಗಿಟ್ಟು ಕಿವಿಗೊಟ್ಟ ವೈದ್ಯ: ಹದಿನೈದು ವರ್ಷಗಳ ಕಾಯಿಲೆಗೆ ಹೆಸರು ಸಿಕ್ಕಿದ್ದು ಹೇಗೆ?

2004ರ ಕ್ರಿಸ್‌ಮಸ್ ಹಬ್ಬ ಕಳೆದು ಎರಡು ದಿನಗಳಾಗಿದ್ದವು. ಅಮೆರಿಕದ ಬಾಸ್ಟನ್ ನಗರದ ಬೆತ್ ಇಸ್ರೇಲ್ ಡೀಕನೆಸ್ ವೈದ್ಯಕೀಯ ಕೇಂದ್ರಕ್ಕೆ ಮೂವತ್ತು ದಾಟಿದ ಮಹಿಳೆಯೊಬ್ಬರು ಬಂದರು. ಹದಿನೈದು ವರ್ಷಗಳಲ್ಲಿ ಅವರು ಸುಮಾರು ಮೂವತ್ತು ಮಂದಿ ವೈದ್ಯರನ್ನು ಕಂಡಿದ್ದರು. ದೇಹದ ತೂಕ ಮೂವತ್ತೇಳು ಕಿಲೋಗೆ ಇಳಿದಿತ್ತು. ಇನ್ನೊಬ್ಬ ತಜ್ಞರನ್ನು ಕಾಣುವುದರಿಂದ ಯಾವ ಪ್ರಯೋಜನವೂ ಇಲ್ಲ ಎಂದು ಅವರ ಕುಟುಂಬ ವೈದ್ಯರೇ ಹೇಳಿದ್ದರು. ಸಂಗಾತಿಯ ಒತ್ತಾಯಕ್ಕೆ ಮಣಿದು, ಯಾವ ನಿರೀಕ್ಷೆಯನ್ನೂ ಇಟ್ಟುಕೊಳ್ಳದೆ ಅವರು ಅಲ್ಲಿಗೆ ಬಂದಿದ್ದರು.

ಅವರಿಗಿಂತ ಮೊದಲೇ ಅವರ ಕಡತ ವೈದ್ಯರ ಮೇಜು ತಲುಪಿತ್ತು. ವರ್ಷಗಟ್ಟಲೆ ಬೆಳೆದ ದಪ್ಪ ಕಡತವದು. ಜೀರ್ಣಾಂಗ ತಜ್ಞ ಡಾ. ಮೈರನ್ ಫಾಲ್ಚಕ್ ಅದನ್ನು ಮೇಜಿನ ಅಂಚಿಗೆ ಸರಿಸಿದರು. ಬಿಳಿ ಹಾಳೆಯೊಂದನ್ನು ಎಳೆದುಕೊಂಡು, ಮೊದಲಿನಿಂದ ನಡೆದುದನ್ನೆಲ್ಲ ನಿಮ್ಮದೇ ಮಾತಿನಲ್ಲಿ ಹೇಳಿ ಎಂದರು. ಆ ಮಹಿಳೆಗೆ ಅಚ್ಚರಿಯಾಯಿತು. ಎಲ್ಲವೂ ಕಡತದಲ್ಲೇ ಇರುವಾಗ ಮತ್ತೆ ಹೇಳುವುದೇಕೆ? ಆದರೂ ಹೇಳತೊಡಗಿದರು. ವೈದ್ಯರು ಕೇಳತೊಡಗಿದರು.

ವೈದ್ಯಕೀಯ ಲೋಕದಲ್ಲಿ ಇಂದಿಗೂ ಉದಾಹರಿಸಲಾಗುವ ಪ್ರಕರಣವಿದು. ಅಮೆರಿಕದ ವೈದ್ಯ ಲೇಖಕ ಜೆರೋಮ್ ಗ್ರೂಪ್‌ಮನ್, ವೈದ್ಯರು ಹೇಗೆ ಆಲೋಚಿಸುತ್ತಾರೆ ಎಂಬುದರ ಕುರಿತು 2007ರಲ್ಲಿ ಪ್ರಕಟಿಸಿದ ಪ್ರಸಿದ್ಧ ಗ್ರಂಥವನ್ನು ಇದೇ ಘಟನೆಯಿಂದ ಆರಂಭಿಸಿದ್ದಾರೆ. ರೋಗಿಯ ಮಾತಿಗೆ ಕಿವಿಗೊಡುವುದು ವೈದ್ಯನ ಸೌಜನ್ಯ ಮಾತ್ರವಲ್ಲ, ರೋಗವನ್ನು ಪತ್ತೆಹಚ್ಚುವ ಬಲವಾದ ಸಾಧನವೂ ಹೌದು ಎಂಬುದನ್ನು ಅರಿಯಲು ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ನೋಡಬೇಕು.

ಮೂವತ್ತು ವೈದ್ಯರು, ಒಂದೇ ತೀರ್ಮಾನ

ತೊಂದರೆ ಆರಂಭವಾದಾಗ ಆಕೆಗೆ ಇಪ್ಪತ್ತು ವರ್ಷ. ಊಟ ಮಾಡಿದೊಡನೆ ಯಾರೋ ಹೊಟ್ಟೆಯನ್ನು ಹಿಡಿದು ತಿರುಚಿದಂತಹ ನೋವು, ವಾಕರಿಕೆ, ಕೆಲವೊಮ್ಮೆ ವಾಂತಿ. ಮೊದಲು ಕಂಡ ವೈದ್ಯರಿಗೆ ಯಾವ ದೋಷವೂ ಕಾಣಲಿಲ್ಲ. ಆಮ್ಲ ಶಮನಕ ಔಷಧಿ ಕೊಟ್ಟು ಕಳುಹಿಸಿದರು. ನೋವು ಹೆಚ್ಚಿತು, ಹಸಿವು ಹೋಯಿತು, ತೂಕ ಇಳಿಯಿತು. ಬಳಿಕ ಮನೋರೋಗ ತಜ್ಞರ ಸರದಿ. ದಪ್ಪಗಾಗುವ ಭಯದಿಂದ ಊಟ ಬಿಡುವ ಅನೋರೆಕ್ಸಿಯಾ ಮತ್ತು ತಿಂದುದನ್ನು ಬೇಕೆಂದೇ ಕಕ್ಕುವ ಬುಲಿಮಿಯಾ ಎಂಬ ಮಾನಸಿಕ ಕಾಯಿಲೆಗಳ ಹೆಸರು ಆಕೆಯ ಕಡತವನ್ನು ಸೇರಿತು.

ಪಾಶ್ಚಾತ್ಯ ಸಮಾಜದಲ್ಲಿ ತರುಣಿಯರನ್ನು ಈ ಕಾಯಿಲೆಗಳು ಕಾಡುವುದುಂಟು. ಹೀಗಾಗಿ ಆ ತೀರ್ಮಾನ ಅಸಹಜವೇನಾಗಿರಲಿಲ್ಲ. ಆದರೆ ಅಲ್ಲಿಂದ ಮುಂದೆ ನಡೆದುದು ಗಮನಾರ್ಹ. ರಕ್ತದ ಕಣಗಳು ಅಪಾಯಕರ ಮಟ್ಟಕ್ಕೆ ಇಳಿದಾಗ, ಸರಿಯಾಗಿ ಊಟ ಮಾಡದಿರುವುದೇ ಕಾರಣ ಎಂದು ರಕ್ತರೋಗ ತಜ್ಞರು ಭಾವಿಸಿದರು. ಮೂಳೆಗಳು ಎಂಬತ್ತರ ಮುದುಕಿಯ ಮೂಳೆಗಳಂತೆ ಸವೆದಾಗ, ಕ್ಯಾಲ್ಸಿಯಂ ಮತ್ತು ಡಿ ಜೀವಸತ್ವದ ಕೊರತೆ ಎಂಬ ಉತ್ತರ ಬಂತು. ರೋಗನಿರೋಧಕ ಶಕ್ತಿ ಕುಂದಿ ಮೆದುಳಿನ ಪೊರೆಯ ಸೋಂಕು ಸೇರಿದಂತೆ ಒಂದರ ಮೇಲೊಂದು ಸೋಂಕು ತಗಲಿದಾಗಲೂ ಅದೇ ವಿವರಣೆ. ನಾಲ್ಕು ಬಗೆಯ ಖಿನ್ನತೆ ನಿವಾರಕ ಮಾತ್ರೆಗಳು, ವಾರವಾರವೂ ಆಪ್ತ ಸಮಾಲೋಚನೆ ನಡೆದವು. 2004ರಲ್ಲಿ ನಾಲ್ಕು ಬಾರಿ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದ್ದೂ ಆಯಿತು. ಕೊನೆಗೆ ಕರುಳಿನ ಕಿರಿಕಿರಿಯ ಸಮಸ್ಯೆ ಎಂಬ ಇನ್ನೊಂದು ಹೆಸರೂ ಸೇರಿಕೊಂಡಿತು.

ತೂಕ ಹೆಚ್ಚಿಸಿಕೊಳ್ಳಲು ದಿನಕ್ಕೆ ಮೂರು ಸಾವಿರ ಕ್ಯಾಲೊರಿಯಷ್ಟು ಆಹಾರ ಸೇವಿಸಬೇಕು, ಅದರಲ್ಲಿಯೂ ಸುಲಭವಾಗಿ ಜೀರ್ಣವಾಗುವ ಧಾನ್ಯದ ತಿನಿಸುಗಳು ಮತ್ತು ಪಾಸ್ತಾ ಹೆಚ್ಚಾಗಿರಬೇಕು ಎಂದು ಆಕೆಗೆ ಸೂಚಿಸಲಾಗಿತ್ತು. ಆಕೆ ಹಾಗೆಯೇ ತಿನ್ನುತ್ತಿದ್ದರು. ತಿನ್ನುತ್ತಿದ್ದೇನೆ ಎಂದು ಹೇಳುತ್ತಲೂ ಇದ್ದರು. ಆದರೂ ತೂಕ ಇಳಿಯುತ್ತಿತ್ತು. ಹೀಗಿರುವಾಗ ಎರಡೇ ಸಾಧ್ಯತೆಗಳು. ಆಕೆ ಸುಳ್ಳು ಹೇಳುತ್ತಿರಬೇಕು, ಇಲ್ಲವೇ ತಿಂದ ಆಹಾರ ದೇಹಕ್ಕೆ ಸೇರುತ್ತಿಲ್ಲವೆಂದಾಗಬೇಕು. ಊಟದ ಕಾಯಿಲೆ ಇರುವವರು ಸುಳ್ಳು ಹೇಳುವುದುಂಟು ಎಂಬ ನಂಬಿಕೆಯಿಂದ ಎಲ್ಲರೂ ಮೊದಲನೆಯದನ್ನೇ ಆರಿಸಿಕೊಂಡರು.

ಡಾ. ಫಾಲ್ಚಕ್ ಎರಡನೆಯದನ್ನು ಆರಿಸಿಕೊಂಡರು. ಅವರಲ್ಲಿ ಹೊಸ ಯಂತ್ರವೇನೂ ಇರಲಿಲ್ಲ. ಈ ಮಹಿಳೆ ನಿಜವನ್ನೇ ಹೇಳುತ್ತಿದ್ದರೆ ಏನಾಗಿರಬಹುದು ಎಂಬ ಪ್ರಶ್ನೆಯೊಂದಿತ್ತು. ನೋವು ಯಾವಾಗ ಶುರುವಾಯಿತು, ಏನು ತಿಂದಾಗ ಹೇಗಾಗುತ್ತದೆ, ಮಲವಿಸರ್ಜನೆ ಹೇಗಿದೆ, ದಿನವಿಡೀ ಹೇಗೆ ಕಳೆಯುತ್ತದೆ ಎಂದು ಕೇಳುತ್ತ ಹೋದರು. ಬಳಿಕ ಅಂಗೈ, ಚರ್ಮ, ಹೊಟ್ಟೆ ಎಲ್ಲವನ್ನೂ ಸಾವಧಾನವಾಗಿ ಪರೀಕ್ಷಿಸಿದರು. ಹಿಂದಿನ ತೀರ್ಮಾನ ತಮಗೆ ಸಂಪೂರ್ಣವಾಗಿ ಒಪ್ಪಿಗೆಯಾಗಿಲ್ಲವೆಂದು ತಿಳಿಸಿ, ರಕ್ತ ಪರೀಕ್ಷೆ ಹಾಗೂ ಎಂಡೋಸ್ಕೋಪಿ ಮಾಡಿಸಲು ಸೂಚಿಸಿದರು. ಸಣ್ಣಕರುಳಿನ ಚೂರು ಅಂಗಾಂಶವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉತ್ತರ ಸಿಕ್ಕಿತು. ಆಕೆಗಿದ್ದುದು ಸೀಲಿಯಾಕ್ ಕಾಯಿಲೆ. ದೇಹವನ್ನು ಕಾಪಾಡಲೆಂದು ತಿನ್ನಿಸಲಾಗುತ್ತಿದ್ದ ಗೋಧಿಯ ತಿನಿಸೇ ದೇಹವನ್ನು ಕೊರೆಯುತ್ತಿತ್ತು!

ಏನಿದು ಸೀಲಿಯಾಕ್?

ಗೋಧಿ, ಬಾರ್ಲಿ ಹಾಗೂ ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇರುತ್ತದೆ. ಚಪಾತಿ ಹಿಟ್ಟು ನಾದಿದಾಗ ಹರಿಯದೆ ಎಳೆಯಾಗಿ ಹಿಗ್ಗುವುದು ಇದರಿಂದಲೇ. ಬಹುಪಾಲು ಮಂದಿಗೆ ಇದರಿಂದ ಯಾವ ಬಾಧಕವೂ ಇಲ್ಲ. ಆದರೆ ಆನುವಂಶಿಕವಾಗಿ ಒಲವುಳ್ಳ ಕೆಲವರಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಗ್ಲುಟೆನ್ನನ್ನು ಶತ್ರುವೆಂದು ಭಾವಿಸುತ್ತದೆ. ಆ ಭರದಲ್ಲಿ ಅದು ತನ್ನದೇ ಸಣ್ಣಕರುಳಿನ ಒಳಪದರದ ಮೇಲೆ ದಾಳಿ ಮಾಡುತ್ತದೆ.

ಸಣ್ಣಕರುಳಿನ ಒಳಗೋಡೆಯಲ್ಲಿ ಮಖಮಲ್ಲಿನ ಎಳೆಗಳಂತೆ ಅಸಂಖ್ಯ ಚಾಚಿಕೆಗಳಿವೆ. ಅನ್ನರಸವನ್ನು ಹೀರಿಕೊಳ್ಳುವ ಕೆಲಸ ಅವುಗಳದು. ಸೀಲಿಯಾಕ್ ಕಾಯಿಲೆಯಲ್ಲಿ ಈ ಚಾಚಿಕೆಗಳು ಸವೆದು ಗೋಡೆ ಬೋಳಾಗುತ್ತದೆ. ಆಗ ಎಷ್ಟು ಉಂಡರೂ ಕಬ್ಬಿಣ, ಕ್ಯಾಲ್ಸಿಯಂ, ಜೀವಸತ್ವಗಳು ರಕ್ತಕ್ಕೆ ಸೇರುವುದಿಲ್ಲ. ರಕ್ತಹೀನತೆ, ಮೂಳೆ ಸವೆತ, ಆಯಾಸ, ಮಕ್ಕಳಲ್ಲಿ ಬೆಳವಣಿಗೆಯ ಕುಂಠಿತ, ಕೆಲವರಲ್ಲಿ ಬಂಜೆತನ ಹೀಗೆ ರೋಗ ಹತ್ತು ಮುಖಗಳಲ್ಲಿ ಕಾಣಿಸಿಕೊಳ್ಳುತ್ತದೆ. ಹೊಟ್ಟೆನೋವು, ಭೇದಿ ಇಲ್ಲದೆಯೂ ಕಾಯಿಲೆ ಇರಬಹುದು. ಆದ್ದರಿಂದಲೇ ರಕ್ತಹೀನತೆಗೆ ಒಬ್ಬ ತಜ್ಞ, ಮೂಳೆಗೆ ಇನ್ನೊಬ್ಬ, ಹೊಟ್ಟೆಗೆ ಮತ್ತೊಬ್ಬ ಎಂದು ಅಲೆಯುವ ರೋಗಿಯ ನಿಜವಾದ ಕಾಯಿಲೆ ಯಾರ ಕಣ್ಣಿಗೂ ಬೀಳದೆ ಉಳಿಯುವ ಸಂಭವ ಹೆಚ್ಚು.

ಪತ್ತೆ ಈಗ ಕಷ್ಟವಲ್ಲ. ದೇಹವು ತಪ್ಪಾಗಿ ಗುರಿಯಿಡುವ ಕಿಣ್ವ ಯಾವುದೆಂಬುದು 1997ರಲ್ಲಿ ಗೊತ್ತಾದ ಬಳಿಕ ಅದರ ಆಧಾರದ ರಕ್ತ ಪರೀಕ್ಷೆ ಬಳಕೆಗೆ ಬಂದಿದೆ. ದೊಡ್ಡವರಲ್ಲಿ ಸಾಮಾನ್ಯವಾಗಿ ಎಂಡೋಸ್ಕೋಪಿ ಮೂಲಕ ಅಂಗಾಂಶ ತೆಗೆದು ಖಚಿತಪಡಿಸಿಕೊಳ್ಳಲಾಗುತ್ತದೆ. ಚಿಕಿತ್ಸೆ ಎಂದರೆ ಜೀವನಪರ್ಯಂತ ಗ್ಲುಟೆನ್ ಇಲ್ಲದ ಆಹಾರ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಅನುಮಾನ ಬಂದೊಡನೆ ತಾವಾಗಿಯೇ ಗೋಧಿ ಬಿಟ್ಟು, ಅನಂತರ ಪರೀಕ್ಷೆಗೆ ಹೋದರೆ ಫಲಿತಾಂಶ ದಾರಿ ತಪ್ಪಿಸಬಹುದು. ಪರೀಕ್ಷೆ ಮುಗಿಯುವವರೆಗೆ ಎಂದಿನ ಆಹಾರವನ್ನೇ ಮುಂದುವರಿಸಬೇಕೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ತಾಯಿಯ ಮಾತಿನಿಂದ ಸಿಕ್ಕ ಸುಳಿವು

ಈ ಕಾಯಿಲೆಗೂ ಗೋಧಿಗೂ ನಂಟಿದೆ ಎಂಬ ಅರಿವು ಮೂಡಿದ ಕಥೆಯಲ್ಲಿಯೂ ಕೇಳುವ ಕಿವಿಯೊಂದಿದೆ. ಬ್ರಿಟನ್ನಿನ ವೈದ್ಯ ಸ್ಯಾಮ್ಯುಯೆಲ್ ಗೀ 1888ರಲ್ಲಿಯೇ ಈ ರೋಗದ ಲಕ್ಷಣಗಳನ್ನು ವಿವರಿಸಿದ್ದರು. ಆಹಾರದಲ್ಲಿಯೇ ಪರಿಹಾರವಿರಬೇಕೆಂಬ ಊಹೆಯೂ ಅವರಿಗಿತ್ತು. ಆದರೆ ಯಾವ ಆಹಾರ ಎಂಬುದು ತಿಳಿದಿರಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಎಂಬ ವೈದ್ಯರು ಇಂತಹ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಸೂಚಿಸಿ ಹೆಸರಾದರು. ಮಕ್ಕಳು ಚೇತರಿಸಿಕೊಂಡರು. ಗುಣ ಬಾಳೆಹಣ್ಣಿನದೆಂದು ಜಗತ್ತು ನಂಬಿತು. ಆ ಪಥ್ಯದಲ್ಲಿ ಬ್ರೆಡ್ಡು ಇಲ್ಲದಿದ್ದುದೇ ನಿಜವಾದ ಕಾರಣ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹೊಳೆದದ್ದು ನೆದರ್‌ಲೆಂಡ್ಸಿನ ಹೇಗ್ ನಗರದ ಮಕ್ಕಳ ತಜ್ಞ ವಿಲ್ಲೆಮ್ ಕರೆಲ್ ಡಿಕೆ ಅವರಿಗೆ. 1930ರ ದಶಕದಲ್ಲಿ ತಾಯಿಯೊಬ್ಬಳು, ಬ್ರೆಡ್ಡು ಕೊಡುವುದನ್ನು ನಿಲ್ಲಿಸಿದರೆ ತನ್ನ ಮಗುವಿನ ಮೈಮೇಲಿನ ದದ್ದು ಬೇಗನೆ ಇಳಿಯುತ್ತದೆ ಎಂದು ಅವರಿಗೆ ಹೇಳಿದಳು. ಅಡುಗೆಮನೆಯ ಅನುಭವದಿಂದ ಬಂದ ಆ ಮಾತನ್ನು ಡಿಕೆ ತಳ್ಳಿಹಾಕಲಿಲ್ಲ. ಅದರ ಬೆನ್ನು ಹತ್ತಿದರು. ಗೋಧಿ ಇಲ್ಲದ ಪಥ್ಯದ ಕುರಿತು 1941ರಲ್ಲಿ ಬರೆದರು.

ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1944-45ರ ಚಳಿಗಾಲದಲ್ಲಿ, ನೆದರ್‌ಲೆಂಡ್ಸಿನಲ್ಲಿ ಘೋರ ಕ್ಷಾಮ ತಲೆದೋರಿತು. ಬ್ರೆಡ್ಡು ಕಾಣೆಯಾಯಿತು. ಜನ ಟ್ಯುಲಿಪ್ ಹೂವಿನ ಗಡ್ಡೆ ತಿಂದು ಬದುಕಿದರು. ಉಳಿದವರೆಲ್ಲ ಸೊರಗುತ್ತಿದ್ದ ಆ ದಿನಗಳಲ್ಲಿ ಸೀಲಿಯಾಕ್ ಮಕ್ಕಳ ಸ್ಥಿತಿ ಸುಧಾರಿಸಿತು! ಮತ್ತೆ ಬ್ರೆಡ್ಡು ಬಂದಾಗ ಅವರ ರೋಗವೂ ಮರಳಿತು. ತಾಯಿಯ ಮಾತಿಗೆ ಕ್ಷಾಮವೇ ಸಾಕ್ಷಿ ನುಡಿದಂತಾಯಿತು. ಡಿಕೆ 1950ರಲ್ಲಿ ಉಟ್ರೆಕ್ಟ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪ್ರಬಂಧ ಈ ಚಿಕಿತ್ಸೆಗೆ ತಳಹದಿಯಾಯಿತು. ಇಂದು ಜಗತ್ತಿನಾದ್ಯಂತ ಲಕ್ಷಾಂತರ ರೋಗಿಗಳು ಬದುಕಿರುವುದು ಆ ಪಥ್ಯದ ಆಧಾರದಲ್ಲಿ.

ಅಂಕಿಅಂಶಗಳು ಏನೆನ್ನುತ್ತವೆ?

ಯಂತ್ರಗಳು ಇಷ್ಟು ಮುಂದುವರಿದಿರುವಾಗ ರೋಗಿಯ ಮಾತಿಗೆ ಎಷ್ಟು ಬೆಲೆ ಎಂಬ ಪ್ರಶ್ನೆ ಸಹಜ. 1975ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಇದಕ್ಕೆ ಉತ್ತರ ನೀಡಿತು. ಹೊರರೋಗಿ ವಿಭಾಗಕ್ಕೆ ಹೊಸದಾಗಿ ಬಂದ 80 ಮಂದಿಯನ್ನು ಪರಿಶೀಲಿಸಿದಾಗ, ಅವರನ್ನು ಕಳುಹಿಸಿದ ವೈದ್ಯರ ಪತ್ರ ಹಾಗೂ ರೋಗಿ ಹೇಳಿದ ವೃತ್ತಾಂತದಿಂದಲೇ 66 ಮಂದಿಯಲ್ಲಿ ಸರಿಯಾದ ತೀರ್ಮಾನಕ್ಕೆ ಬರಲು ಸಾಧ್ಯವಾಗಿತ್ತು. ಮೈ ಮುಟ್ಟಿ ಪರೀಕ್ಷಿಸಿದ್ದು ಏಳು ಮಂದಿಯಲ್ಲಿ, ಪ್ರಯೋಗಾಲಯದ ಪರೀಕ್ಷೆಗಳು ಇನ್ನೇಳು ಮಂದಿಯಲ್ಲಿ ನಿರ್ಣಾಯಕವಾದವು. ಅಂದಿನಿಂದ ಸ್ಕ್ಯಾನಿಂಗ್ ಬಂದಿದೆ, ವಂಶವಾಹಿ ಪರೀಕ್ಷೆ ಬಂದಿದೆ. ಆದರೆ ಯಾವ ಪರೀಕ್ಷೆ ಬೇಕು ಎಂಬುದನ್ನು ನಿರ್ಧರಿಸಲು ಇಂದಿಗೂ ರೋಗಿಯ ಮಾತೇ ಆಧಾರ.

ಆ ಮಾತಿಗೆ ಸಿಗುವ ಅವಕಾಶವೆಷ್ಟು? ಅಮೆರಿಕದ ಸಂಶೋಧಕರಾದ ಬೆಕ್‌ಮನ್ ಮತ್ತು ಫ್ರಾಂಕೆಲ್ 1984ರಲ್ಲಿ 74 ಭೇಟಿಗಳನ್ನು ಅಧ್ಯಯನ ಮಾಡಿದರು. ರೋಗಿ ಮಾತು ಆರಂಭಿಸಿದ ಸರಾಸರಿ 18 ಸೆಕೆಂಡುಗಳಲ್ಲಿ ವೈದ್ಯರು ಅಡ್ಡ ಬಾಯಿ ಹಾಕುತ್ತಿದ್ದರು. ಮೊದಲ ಮಾತನ್ನು ಪೂರ್ಣವಾಗಿ ಮುಗಿಸಲು ಸಾಧ್ಯವಾದದ್ದು ನಾಲ್ವರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ.

ತಡೆಯದಿದ್ದರೆ ರೋಗಿ ಗಂಟೆಗಟ್ಟಲೆ ಮಾತನಾಡುತ್ತಾನೆ ಎಂಬ ಭಯ ವೈದ್ಯರಲ್ಲಿದೆ. 2002ರಲ್ಲಿ ಸ್ವಿಟ್ಜರ್‌ಲೆಂಡಿನ ಬಾಸೆಲ್ ನಗರದಲ್ಲಿ ನಡೆದ ಅಧ್ಯಯನ ಈ ಭಯವನ್ನು ಪರೀಕ್ಷೆಗೊಡ್ಡಿತು. 335 ರೋಗಿಗಳಿಗೆ ಅಡ್ಡಿಯಿಲ್ಲದೆ ಮಾತನಾಡಲು ಬಿಟ್ಟಾಗ ಅವರು ತಾವಾಗಿಯೇ ಮಾತು ಮುಗಿಸಲು ತೆಗೆದುಕೊಂಡ ಸರಾಸರಿ ಸಮಯ 92 ಸೆಕೆಂಡು. ನೂರರಲ್ಲಿ 78 ಮಂದಿ ಎರಡು ನಿಮಿಷದೊಳಗೆ ಮುಗಿಸಿದ್ದರು. ಅಂದರೆ ಕೇಳುವುದಕ್ಕೆ ಬೇಕಾದ ಕಾಲ ಭಾವಿಸಿದಷ್ಟು ದೀರ್ಘವಲ್ಲ.

ಆದರೆ ಆ ಎರಡು ನಿಮಿಷವೂ ದುಬಾರಿಯಾಗಿರುವ ದೇಶಗಳಿವೆ. ಪ್ರಾಥಮಿಕ ಹಂತದ ವೈದ್ಯರ ಭೇಟಿಯ ಅವಧಿಯ ಕುರಿತು 67 ದೇಶಗಳ ಮಾಹಿತಿ ಕಲೆಹಾಕಿದ ವರದಿಯೊಂದು 2017ರಲ್ಲಿ ಪ್ರಕಟವಾಯಿತು. ಸ್ವೀಡನ್ನಿನಲ್ಲಿ ಸರಾಸರಿ ಇಪ್ಪತ್ತೆರಡೂವರೆ ನಿಮಿಷ ಸಿಕ್ಕರೆ ಬಾಂಗ್ಲಾದೇಶದಲ್ಲಿ 48 ಸೆಕೆಂಡು. ಭಾರತದ ಲೆಕ್ಕ ಸುಮಾರು ಎರಡು ನಿಮಿಷ. ಆ ಎರಡು ನಿಮಿಷದಲ್ಲಿಯೇ ನೋವು ಹೇಳಬೇಕು, ನಾಡಿ ನೋಡಬೇಕು, ಚೀಟಿ ಬರೆಯಬೇಕು. ಸರಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಬೆಳಗಿನಿಂದ ಸಾಲು ನಿಂತವರನ್ನೆಲ್ಲ ಮಧ್ಯಾಹ್ನದೊಳಗೆ ನೋಡಿ ಮುಗಿಸಬೇಕಾದ ವೈದ್ಯರನ್ನು ಮಾತ್ರ ಇದಕ್ಕೆ ಹೊಣೆ ಮಾಡುವುದು ನ್ಯಾಯವಾಗದು. ವ್ಯವಸ್ಥೆಯ ಕೊರತೆಯನ್ನು ಅವರೂ ರೋಗಿಯೊಂದಿಗೆ ಅನುಭವಿಸುತ್ತಿದ್ದಾರೆ.

ಜಾಣರೂ ಎಡವುವುದೇಕೆ?

ಆ ಮಹಿಳೆಯನ್ನು ಕಂಡ ವೈದ್ಯರೆಲ್ಲ ಅಸಮರ್ಥರಾಗಿರಲಿಲ್ಲ. ಎಡವಿದ್ದು ಆಲೋಚನೆಯ ಕ್ರಮದಲ್ಲಿ. ಮೊದಲು ಹೊಳೆದ ಕಾರಣಕ್ಕೆ ಮನಸ್ಸು ಲಂಗರು ಹಾಕಿ ನಿಂತುಬಿಡುತ್ತದೆ. ಅದಕ್ಕೆ ಹೊಂದುವ ಸಂಗತಿಗಳು ಎದ್ದು ಕಾಣುತ್ತವೆ, ಹೊಂದದವು ಮರೆಯಾಗುತ್ತವೆ. ಒಮ್ಮೆ ಕಡತದಲ್ಲಿ ಬರೆದ ಹೆಸರು ಒಬ್ಬ ತಜ್ಞರಿಂದ ಇನ್ನೊಬ್ಬರಿಗೆ ಸಾಗುತ್ತ ಹೋದಂತೆ ಅದರ ತೂಕ ಹೆಚ್ಚುತ್ತದೆ. ಐದನೆಯ ವೈದ್ಯರ ಕೈಗೆ ಬರುವಷ್ಟರಲ್ಲಿ ಊಹೆಯಾಗಿದ್ದುದು ಸತ್ಯವಾಗಿರುತ್ತದೆ. ಮನಸ್ಸಿನ ಕಾಯಿಲೆ ಎಂಬ ಚೀಟಿ ಅಂಟಿದವರ ದೈಹಿಕ ನೋವನ್ನು ನಂಬುವವರು ಮತ್ತೂ ಕಡಿಮೆ.

ಇದು ಅಪರೂಪದ ದುರಂತವೇನಲ್ಲ. ಬಹುಪಾಲು ಜನರು ತಮ್ಮ ಜೀವಮಾನದಲ್ಲಿ ಒಮ್ಮೆಯಾದರೂ ತಪ್ಪಾದ ಅಥವಾ ತಡವಾದ ರೋಗನಿರ್ಣಯಕ್ಕೆ ಒಳಗಾಗುವ ಸಂಭವವಿದೆ ಎಂದು ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳು 2015ರಲ್ಲಿ ಹೊರತಂದ ವರದಿ ಎಚ್ಚರಿಸಿತು. ರೋಗಿ ಮತ್ತು ಆತನ ಕುಟುಂಬದವರನ್ನು ರೋಗನಿರ್ಣಯದಲ್ಲಿ ಪಾಲುದಾರರನ್ನಾಗಿ ಮಾಡಿಕೊಳ್ಳಬೇಕೆಂಬುದು ಅದರ ಪ್ರಮುಖ ಶಿಫಾರಸುಗಳಲ್ಲೊಂದು.

ಭಾರತೀಯ ಪರಂಪರೆಗೆ ಇದು ಹೊಸ ಮಾತಲ್ಲ. ಆಯುರ್ವೇದ ಹೇಳುವ ತ್ರಿವಿಧ ಪರೀಕ್ಷೆಯಲ್ಲಿ ದರ್ಶನ, ಸ್ಪರ್ಶನಗಳ ಜೊತೆಗೆ ಪ್ರಶ್ನವೂ ಇದೆ. ನೋಡುವುದು, ಮುಟ್ಟುವುದು, ಕೇಳುವುದು ಈ ಮೂರೂ ಸೇರಿದರೇ ಪರೀಕ್ಷೆ. ಹಳೆಯ ತಲೆಮಾರಿನ ಕುಟುಂಬ ವೈದ್ಯರು ಮಗುವಿನ ಜ್ವರಕ್ಕೆ ಔಷಧಿ ಕೊಡುವ ಮುನ್ನ ಮನೆಯವರ ಯೋಗಕ್ಷೇಮವನ್ನೆಲ್ಲ ವಿಚಾರಿಸುತ್ತಿದ್ದುದು ಕೇವಲ ಲೋಕಾರೂಢಿಯಾಗಿರಲಿಲ್ಲ. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬ ತಿಳಿವಳಿಕೆ ರೋಗದ ಮೂಲಕ್ಕೆ ದಾರಿ ತೋರುತ್ತಿತ್ತು.

ಮಲೆನಾಡಿನ ಪಾಠ

ಜನರ ಮಾತು ರೋಗದ ಜಾಡು ತೋರಿದ ನಿದರ್ಶನ ಕರ್ನಾಟಕದಲ್ಲಿಯೇ ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಸುತ್ತಮುತ್ತ ತೀವ್ರ ಜ್ವರ ಹರಡಿತು. ಕಾಡಿನಲ್ಲಿ ಮಂಗಗಳು ಸಾಯುತ್ತಿರುವುದನ್ನೂ ಊರಿನಲ್ಲಿ ಜನ ಜ್ವರದಿಂದ ಮಲಗುತ್ತಿರುವುದನ್ನೂ ಹಳ್ಳಿಗರು ಒಟ್ಟಿಗೆ ಕಂಡಿದ್ದರು. ಆದ್ದರಿಂದಲೇ ಅದನ್ನು ಮಂಗನ ಕಾಯಿಲೆ ಎಂದು ಕರೆದರು. ಮಂಗಗಳ ಸಾವಿನ ಸುದ್ದಿ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳನ್ನು ಮಲೆನಾಡಿಗೆ ಕರೆತಂದಿತು. ಹಳದಿ ಜ್ವರವಿರಬಹುದೇ ಎಂಬ ಆತಂಕ ಮೊದಲು ಮೂಡಿತ್ತು. ಉಣ್ಣೆಗಳ ಮೂಲಕ ಹರಡುವ ಹೊಸ ವೈರಾಣು ಇದೆಂಬುದು ಸಂಶೋಧನೆಯಿಂದ ಸ್ಪಷ್ಟವಾಯಿತು.

ವಿಜ್ಞಾನಿಗಳು ವೈರಾಣುವನ್ನು ಕಂಡುಹಿಡಿದರು. ಆದರೆ ಮಂಗನಿಗೂ ಮನುಷ್ಯನ ಜ್ವರಕ್ಕೂ ಗಂಟು ಹಾಕಿದವರು ಸೌದೆಗೆ, ದರಗೆಲೆಗೆ ಕಾಡಿಗೆ ಹೋಗುತ್ತಿದ್ದ ಹಳ್ಳಿಗರು. ಇಂದಿಗೂ ಮಲೆನಾಡಿನಲ್ಲಿ ಜ್ವರದ ರೋಗಿ ಬಂದಾಗ, ಇತ್ತೀಚೆಗೆ ಕಾಡಿಗೆ ಹೋಗಿದ್ದಿರಾ, ಉಣ್ಣೆ ಕಚ್ಚಿತ್ತೇ, ಸತ್ತ ಮಂಗ ಕಂಡಿತ್ತೇ ಎಂದು ವಿಚಾರಿಸುವ ವೈದ್ಯನಿಗೆ ಅರ್ಧ ದಾರಿ ತೆರೆದಂತೆಯೇ. ರಕ್ತ ಪರೀಕ್ಷೆ ಉಳಿದರ್ಧವನ್ನು ಪೂರೈಸುತ್ತದೆ.

ಗೋಧಿ ಮತ್ತು ದಕ್ಷಿಣ ಭಾರತ

ಸೀಲಿಯಾಕ್ ಕಾಯಿಲೆ ಪಾಶ್ಚಾತ್ಯರದು ಎಂಬ ಭಾವನೆ ಬಹಳ ಕಾಲ ಭಾರತೀಯ ವೈದ್ಯರಲ್ಲಿಯೂ ಇತ್ತು. 2016ರಲ್ಲಿ ಪ್ರಕಟವಾದ ವಿಸ್ತೃತ ಅಧ್ಯಯನವೊಂದು ದೇಶದ ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾಗಗಳ 23 ಸಾವಿರಕ್ಕೂ ಹೆಚ್ಚು ವಯಸ್ಕರ ರಕ್ತವನ್ನು ಪರೀಕ್ಷಿಸಿತು. ಈ ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87 ಹಾಗೂ ದಕ್ಷಿಣದಲ್ಲಿ ಶೇ. 0.10 ಮಂದಿಯಲ್ಲಿ ಕಂಡುಬಂದವು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ ದಕ್ಷಿಣದವರು ತಿನ್ನುತ್ತಿದ್ದುದು 25 ಗ್ರಾಂ ಮಾತ್ರ.

ದಕ್ಷಿಣದಲ್ಲಿ ಕಾಯಿಲೆ ವಿರಳವೆಂಬುದು ನೆಮ್ಮದಿಯ ಸಂಗತಿಯೇ ಸರಿ. ಆದರೆ ವಿರಳವಾದದ್ದನ್ನು ಮರೆಯುವುದು ಸುಲಭ. ಕರ್ನಾಟಕದ ನಗರಗಳಲ್ಲಿ ರಾತ್ರಿಯೂಟಕ್ಕೆ ಚಪಾತಿ ಕಾಯಂ ಆಗಿದೆ. ಬ್ರೆಡ್ಡು, ಬಿಸ್ಕತ್ತು, ನೂಡಲ್ಸ್ ಮಕ್ಕಳ ನಿತ್ಯದ ತಿನಿಸುಗಳಾಗಿವೆ. ಉತ್ತರ ಭಾರತದಿಂದ ಬಂದು ನೆಲೆಸಿದ ಕುಟುಂಬಗಳೂ ಬೆಂಗಳೂರಿನಂತಹ ನಗರಗಳಲ್ಲಿ ಬಹಳಷ್ಟಿವೆ. ಕಬ್ಬಿಣದ ಮಾತ್ರೆ ನುಂಗಿದರೂ ಇಳಿಯದ ರಕ್ತಹೀನತೆ, ಕಾರಣ ತಿಳಿಯದ ಭೇದಿ, ವಯಸ್ಸಿಗೆ ತಕ್ಕಂತೆ ಬೆಳೆಯದ ಮಗು ಕಂಡಾಗ ಈ ಸಾಧ್ಯತೆಯನ್ನೂ ವೈದ್ಯರು ಪರಿಗಣಿಸುವುದು ಒಳಿತು.

ಕಾಯಿಲೆ ಖಚಿತವಾದರೆ ಕನ್ನಡಿಗರ ಅಡುಗೆಮನೆ ಕೈಬಿಡುವುದಿಲ್ಲ ಎಂಬುದೇ ಸಮಾಧಾನ. ರಾಗಿ ಮುದ್ದೆ, ಜೋಳದ ರೊಟ್ಟಿ, ಅಕ್ಕಿ ರೊಟ್ಟಿ, ಸಜ್ಜೆ, ನವಣೆ, ಇಡ್ಲಿ, ದೋಸೆ ಯಾವುದರ ಧಾನ್ಯದಲ್ಲಿಯೂ ಗ್ಲುಟೆನ್ ಇಲ್ಲ. ಆದರೆ ಎಚ್ಚರ ತಪ್ಪುವುದು ಬೇರೆಡೆ. ಉಪ್ಪಿಟ್ಟಿನ ರವೆ, ಚಿರೋಟಿ ರವೆ, ಮೈದಾ, ಗೋಧಿ ಶಾವಿಗೆ ಎಲ್ಲವೂ ಗೋಧಿಯ ಮಕ್ಕಳೇ. ಅಂಗಡಿಯ ಇಂಗಿನ ಪುಡಿಯಲ್ಲಿ ಹಲವು ಬಾರಿ ಗೋಧಿ ಹಿಟ್ಟು ಬೆರೆತಿರುತ್ತದೆ. ಒಂದೇ ಗಿರಣಿಯಲ್ಲಿ ಗೋಧಿಯ ಬೆನ್ನಿಗೆ ರಾಗಿ ಬೀಸಿದರೂ ರಾಗಿ ಹಿಟ್ಟಿಗೆ ಗೋಧಿ ಸೇರಿಕೊಳ್ಳುತ್ತದೆ. ಇಂತಹ ಸಣ್ಣ ವಿವರಗಳು ಹೊರಬರಬೇಕಾದರೂ ಮನೆಯಲ್ಲಿ ಏನು, ಹೇಗೆ ಬೇಯುತ್ತದೆ ಎಂದು ಕೇಳುವ ವೈದ್ಯರೋ ಪಥ್ಯ ತಜ್ಞರೋ ಬೇಕು.

ರೋಗಿಯ ಪಾಲೂ ಇದೆ

ಕೇಳುವುದು ವೈದ್ಯರ ಕರ್ತವ್ಯವಾದರೆ ಸರಿಯಾಗಿ ಹೇಳುವುದು ರೋಗಿಯ ಪಾಲಿನ ಕೆಲಸ. ಯಾವಾಗ ಶುರುವಾಯಿತು, ಏನು ಮಾಡಿದರೆ ಹೆಚ್ಚುತ್ತದೆ, ಯಾವುದರಿಂದ ಇಳಿಯುತ್ತದೆ, ಈಗಾಗಲೇ ಯಾವ ಔಷಧಿ ತೆಗೆದುಕೊಳ್ಳಲಾಗಿದೆ, ಮನೆಯಲ್ಲಿ ಬೇರೆ ಯಾರಿಗಾದರೂ ಇಂತಹ ತೊಂದರೆ ಇದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಎರಡು ನಿಮಿಷವೂ ಸಾರ್ಥಕವಾಗುತ್ತದೆ. ಗ್ಯಾಸ್ಟ್ರಿಕ್ ಇರಬೇಕು, ಬಿ.ಪಿ. ಇರಬೇಕು ಎಂದು ರೋಗದ ಹೆಸರನ್ನು ತಾವೇ ಹೇಳುವುದಕ್ಕಿಂತ ಆಗುತ್ತಿರುವ ತೊಂದರೆಯನ್ನು ಇದ್ದಂತೆ ಹೇಳುವುದು ಮೇಲು. ನಾಟಿ ಔಷಧಿ, ಮದ್ಯ, ಹೊಗೆಸೊಪ್ಪು ಯಾವುದನ್ನೂ ಸಂಕೋಚದಿಂದ ಮುಚ್ಚಿಡಬಾರದು. ಮುಟ್ಟಿನ ತೊಂದರೆ, ಮಲಮೂತ್ರದ ತೊಂದರೆಗಳನ್ನು ಜೊತೆಗೆ ಬಂದವರ ಎದುರು ಹೇಳಲು ನಾಚಿಕೆಯಾದರೆ ವೈದ್ಯರಲ್ಲಿ ಏಕಾಂತ ಕೇಳುವ ಹಕ್ಕು ರೋಗಿಗಿದೆ.

ಚಿಕಿತ್ಸೆಯಿಂದ ಗುಣ ಕಾಣದಿದ್ದಾಗ ವೈದ್ಯರನ್ನು ಬದಲಿಸುತ್ತ ಹೋಗುವ ಮುನ್ನ ವಿನಯದಿಂದಲೇ ಕೆಲವು ಪ್ರಶ್ನೆಗಳನ್ನು ಮುಂದಿಡಬಹುದೆಂದು ಗ್ರೂಪ್‌ಮನ್ ಸೂಚಿಸುತ್ತಾರೆ. ಇದು ಬೇರೆ ಏನಾದರೂ ಆಗಿರಬಹುದೇ? ಈ ತೀರ್ಮಾನಕ್ಕೆ ಹೊಂದದ ಸಂಗತಿ ಏನಾದರೂ ಇದೆಯೇ? ಒಂದಕ್ಕಿಂತ ಹೆಚ್ಚು ಕಾಯಿಲೆಗಳು ಒಟ್ಟಿಗೆ ಇರಬಹುದೇ? ಒಳ್ಳೆಯ ವೈದ್ಯ ಇಂತಹ ಪ್ರಶ್ನೆಗೆ ಕೋಪಿಸಿಕೊಳ್ಳುವುದಿಲ್ಲ, ಇನ್ನೊಮ್ಮೆ ಯೋಚಿಸುತ್ತಾನೆ.

ಹಾಗೆಂದು ಕೇಳುವಿಕೆಯೊಂದೇ ಸಾಕೆಂದು ಭಾವಿಸಬಾರದು. ಬಾಸ್ಟನ್ನಿನ ಮಹಿಳೆಯ ಮಾತು ಅನುಮಾನವನ್ನು ಹುಟ್ಟಿಸಿತು. ಅದನ್ನು ಸಿದ್ಧಪಡಿಸಿದ್ದು ಎಂಡೋಸ್ಕೋಪಿ ಮತ್ತು ಸೂಕ್ಷ್ಮದರ್ಶಕ. ಸಿಹಿಮಾತಿನಿಂದ ಗಂಟೆಗಟ್ಟಲೆ ಕೇಳಿ, ಪರೀಕ್ಷೆಯ ಗೋಜಿಗೆ ಹೋಗದೆ ಪವಾಡದ ಮದ್ದು ಮಾರುವವರೂ ಊರೂರಲ್ಲಿ ಇದ್ದಾರೆ. ಕೇಳಿದುದನ್ನು ಜ್ಞಾನದ ಒರೆಗಲ್ಲಿಗೆ ಹಚ್ಚಿ ನೋಡುವವನೇ ವೈದ್ಯ.

ಭಾರತದಲ್ಲಿ 2019ರಿಂದ ಜಾರಿಗೆ ಬಂದ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಮನೋಭಾವ, ನೀತಿ ಹಾಗೂ ಸಂವಹನದ ಕುರಿತ ತರಬೇತಿಯನ್ನು ಸೇರಿಸಲಾಗಿದೆ. ರೋಗಿಯೊಂದಿಗೆ ಮಾತನಾಡುವುದನ್ನು ವಿದ್ಯೆಯೆಂದೇ ಪರಿಗಣಿಸಿ ಕಲಿಸುವ ಪ್ರಯತ್ನವಿದು. ತರಗತಿಯಲ್ಲಿ ಕಲಿತದ್ದು ಕಿಕ್ಕಿರಿದ ಹೊರರೋಗಿ ವಿಭಾಗದಲ್ಲಿ ಉಳಿಯಬೇಕಾದರೆ ವೈದ್ಯರ ಸಂಖ್ಯೆ ಹೆಚ್ಚಬೇಕು, ಒಬ್ಬೊಬ್ಬ ರೋಗಿಗೂ ಕೊಡುವಷ್ಟು ಸಮಯ ಅವರಿಗೆ ಸಿಗಬೇಕು.

ಮತ್ತೆ ಬಾಸ್ಟನ್ನಿಗೆ

ಗೋಧಿ ಬಿಟ್ಟ ಒಂದು ತಿಂಗಳಲ್ಲಿ ಆ ಮಹಿಳೆಯ ತೂಕ ಐದು ಕಿಲೋಗೂ ಹೆಚ್ಚಿತು. ಹದಿನೈದು ವರ್ಷ ಕಾಡಿದ ವಾಕರಿಕೆ, ನೋವು ಇಳಿಯತೊಡಗಿದವು. ಆಕೆಯನ್ನು ಬದುಕಿಸಿದ ಔಷಧಿ ಯಾವ ಅಂಗಡಿಯಲ್ಲಿಯೂ ಸಿಗುವಂತಹದಲ್ಲ. ಊಟದಿಂದ ಒಂದು ಧಾನ್ಯವನ್ನು ತೆಗೆದದ್ದಷ್ಟೇ ಚಿಕಿತ್ಸೆ. ಆದರೆ ಯಾವ ಧಾನ್ಯವೆಂದು ತಿಳಿಯಲು ಹದಿನೈದು ವರ್ಷ ಬೇಕಾಯಿತು.

ಆ ವರ್ಷಗಳುದ್ದಕ್ಕೂ ಆಕೆ ಹೇಳುತ್ತಿದ್ದುದು ಒಂದೇ ಮಾತು: ತಿನ್ನುತ್ತಿದ್ದೇನೆ, ಆದರೂ ಸೊರಗುತ್ತಿದ್ದೇನೆ. ರೋಗದ ಗುಟ್ಟು ಆ ಮಾತಿನಲ್ಲಿಯೇ ಅಡಗಿತ್ತು. ಮೂವತ್ತು ಮಂದಿಯ ಕಿವಿಗೆ ಬಿದ್ದ ಆ ಮಾತನ್ನು ನಂಬಿದವರು ಒಬ್ಬರು. ಅಂತಹ ಒಬ್ಬ ವೈದ್ಯರು ಊರಿನಲ್ಲಿದ್ದರೆ ಅವರ ಬಾಗಿಲಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಾಯಬೇಕಾಗಬಹುದು. ಒಳಗಿರುವ ರೋಗಿಯ ಮಾತು ಇನ್ನೂ ಮುಗಿದಿಲ್ಲವೆಂದು ತಿಳಿದು ಕಾಯುವುದು ಒಳ್ಳೆಯದು. ಮುಂದಿನ ಸರದಿಯಲ್ಲಿ ಅದೇ ಕಿವಿ ತಮಗೂ ಸಿಗುತ್ತದೆ.